ಸೋಯಾ ಹಾಲಿಗೆ ಹೆಪ್ಪು, ಜರ್ಮನಿಯ ಚಳಿಯಲ್ಲಿ

ಸಸ್ಯಜನ್ಯ ಹಾಲು ಹೆಪ್ಪುಗಟ್ಟದಿರಲು ಜರ್ಮನಿಯ ಚಳಿಗಿಂತ ಹಾಲಿನ ಆಯ್ಕೆಯೇ ಹೆಚ್ಚಾಗಿ ಕಾರಣ. ಓಟ್ಸ್, ಬಾದಾಮಿ ಹಾಲುಗಳಲ್ಲಿ ಪ್ರೋಟೀನ್ ಕಡಿಮೆ, ಅವು ಗಟ್ಟಿಯಾಗುವುದಿಲ್ಲ. ಸೋಯಾಬೀನು, ನೀರು ಬಿಟ್ಟು ಬೇರೇನೂ ಇಲ್ಲದ ಹಾಲೇ ವಾಸಿ. ಅದನ್ನು 42 ಡಿಗ್ರಿ ಸೆಲ್ಸಿಯಸ್‌ಗೆ, ಅಂದರೆ ಉಗುರುಬೆಚ್ಚಗಿನದಕ್ಕಿಂತ ತುಸು ಹೆಚ್ಚು ಕಾಯಿಸಿ, ಅರ್ಧ ಲೀಟರಿಗೆ 2 ಚಮಚ ಅಂಗಡಿಯ ಸಪ್ಪೆ ಸೋಯಾ ಮೊಸರು ಬೆರೆಸಬೇಕು. ಹಸಿಮೆಣಸಿನಕಾಯಿ ತೊಟ್ಟಿನಿಂದಲೂ ಹೆಪ್ಪು ಹಾಕಬಹುದು, ಆದರೆ ಅದು ಆಗಾಗ ಕೈಕೊಡುತ್ತದೆ. ದೀಪವಷ್ಟೇ ಹೊತ್ತಿಸಿದ ಓವನ್ನಿನಲ್ಲಿ 8ರಿಂದ 10 ಗಂಟೆ ಅಲುಗಿಸದೆ ಇಟ್ಟರೆ ಸಾಕು. ಮಜ್ಜಿಗೆಹುಳಿಗಾದರೆ ಒಲೆ ಆರಿಸಿದ ಮೇಲೆ ಈ ಮೊಸರು ಸೇರಿಸಬೇಕು, ಕುದಿಸಿದರೆ ಒಡೆಯುತ್ತದೆ.

ಐರೋಪ್ಯ ಒಕ್ಕೂಟದ ಸಾವಯವ ಸೋಯಾ ಹಾಲಿಗೆ ಸಾಮಾನ್ಯವಾಗಿ ವಿಟಮಿನ್ ಬಿ12 ಸೇರಿಸಿರುವುದಿಲ್ಲ. ಹಾಗಾಗಿ ಮೊಸರು ಎಷ್ಟೇ ಚೆನ್ನಾಗಿದ್ದರೂ ವೀಗನ್‌ಗಳು ಬಿ12 ಮಾತ್ರೆಯನ್ನು ಬೇರೆಯಾಗಿಯೇ ತೆಗೆದುಕೊಳ್ಳಬೇಕು.