ಕಲ್ಮನೆಯ ಅಳತೆ

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆಯಿಂದ ಬಂದ ನಮಗೆ ಗುಹೆ ಅಂದ್ರೆ ಬೆಟ್ಟದ ಬಂಡೆಗಳ ನಡುವಿನ ಸಂದು, ಅಷ್ಟೇ. ನಮ್ಮ ಕಡೆ ಹೆಚ್ಚಾಗಿ ಇರುವುದು ಗ್ರಾನೈಟ್ ಥರದ ಗಟ್ಟಿ ಕಲ್ಲು. ಅದು ಸುಣ್ಣಕಲ್ಲಿನ ಹಾಗೆ ನೀರಿನಲ್ಲಿ ಕರಗಿ ಗುಹೆ ಆಗಲ್ಲ. ಹಾಗಾಗಿ ಗುಹೆ ನೋಡಲು ನಾವು ಬಾದಾಮಿಗೆ ಹೋದೆವು. ಅಲ್ಲಿನ ನಾಲ್ಕು ಗುಹೆಗಳನ್ನು ಚಾಲುಕ್ಯರ ಕಾಲದ ಶಿಲ್ಪಿಗಳು ಕೆಂಪು ಮರಳುಗಲ್ಲಿನಲ್ಲಿ ಕೊರೆದಿದ್ದಾರೆ.

ಫೋನ್ ತುಂಬ ಫೋಟೋ ತೆಗೆದು ವಾಪಸ್ ಬಂದ್ವಿ. ಹಾಸ್ಟೆಲ್‌ನಲ್ಲಿ ಮೂರನೇ ಗುಹೆಯ ಪ್ಲಾನ್ ಬರೆಯೋಣ ಅಂತ ಕೂತಾಗ ನಮ್ಮ ತಪ್ಪು ಗೊತ್ತಾಯ್ತು. ಎದುರಿನ ಆರು ಕಂಬ ಕಾಣುತ್ತವೆ, ಆದರೆ ಕಂಬದಿಂದ ಕಂಬಕ್ಕೆ ಎಷ್ಟು ಅಡಿ? ಒಳಗೆ ಎಷ್ಟು ಆಳ? ಒಂದು ಫೋಟೋದಲ್ಲೂ ಅಳತೆ ಇಲ್ಲ!

ಈ ಕೆಲಸವನ್ನು 1874ರಲ್ಲೇ ಮಾಡಿದವರು ಜೇಮ್ಸ್ ಬರ್ಜೆಸ್. ಪಶ್ಚಿಮ ಭಾರತದ ಪುರಾತತ್ವ ಸರ್ವೇಕ್ಷಣೆಯ ಮೊದಲ ವರ್ಷ ಅವರು ಬೆಳಗಾವಿ ಮತ್ತು ಕಲಾದಗಿ ಜಿಲ್ಲೆಗಳನ್ನು ಸುತ್ತಿದರು. ಬಾದಾಮಿ ಆಗ ಕಲಾದಗಿ ಜಿಲ್ಲೆಯಲ್ಲಿತ್ತು. ಅಷ್ಟರಲ್ಲಿ ಕ್ಯಾಮೆರಾ ಬಂದಿತ್ತು. ಆದರೂ ಅವರ ವರದಿಯಲ್ಲಿ ಫೋಟೋ ಜೊತೆ ಅಳತೆಯ ಪ್ಲಾನ್‌ಗಳೂ ಇವೆ. ಯಾಕೆ? ಫೋಟೋ ಒಂದು ಕಡೆಯಿಂದ ಕಂಡದ್ದನ್ನು ಮಾತ್ರ ತೋರಿಸುತ್ತೆ. ಪ್ಲಾನ್ ಆದರೆ ಜಗುಲಿ, ಸಭಾಮಂಟಪ, ಗರ್ಭಗುಡಿ ಒಂದರ ಹಿಂದೆ ಒಂದು ಹೇಗಿವೆ ಅಂತ ಹೇಳುತ್ತೆ. ಸಿಎಇಡಿ ಕ್ಲಾಸಿನಲ್ಲಿ ನಾವು ಬೈಕೊಂಡು ಬರೆದ ಅದೇ ಪ್ಲಾನ್!

ಮೂರನೇ ಗುಹೆಯಲ್ಲಿ ಇನ್ನೊಂದು ಬೆಲೆಬಾಳುವ ವಿಷಯ ಇದೆ. ಅಲ್ಲಿನ ಮಂಗಳೇಶನ ಶಾಸನ ಶಕ ವರ್ಷ 500, ಅಂದರೆ ಕ್ರಿ.ಶ. 578 ಅಂತ ಕಾಲ ಹೇಳುತ್ತೆ. ಕಾಲ ಗೊತ್ತಿಲ್ಲದ ಬೇರೆ ಗುಹೆಗಳ ಕಂಬ, ಶಿಲ್ಪಗಳನ್ನು ಇದರ ಜೊತೆ ಹೋಲಿಸಿ ಹಿಂದಿನದೋ ಮುಂದಿನದೋ ಅಂತ ಅಂದಾಜು ಮಾಡಬಹುದು. ಹೋಲಿಸಲು ಸರಿಯಾದ ಚಿತ್ರ, ಅಳತೆ ಬೇಕೇ ಬೇಕು. 1880ರಲ್ಲಿ ಫರ್ಗುಸನ್ ಮತ್ತು ಬರ್ಜೆಸ್ ಭಾರತದ ಗುಹಾಲಯಗಳ ಬಗ್ಗೆ ತಂದ ದೊಡ್ಡ ಪುಸ್ತಕದ ಹಿಂದೆ ಇಂಥ ಕೆಲಸವೇ ಇದೆ. ಅಲ್ಲೇ ಇರುವ ಮಂಗಳೇಶನ ಕನ್ನಡ ಶಾಸನದಲ್ಲಿ ಗುಹಾಲಯಕ್ಕೆ ಬಳಸಿರುವ ಪದ ‘ಕಲ್ಮನೆ’. ಎಷ್ಟು ಚೆಂದ ಅಲ್ವಾ?

ನೀವೂ ಮಾಡಿ ನೋಡಿ. ಊರಿನ ಹಳೇ ಮಂಟಪ ಸಾಕು.

1. ಮಧ್ಯದಲ್ಲಿ ನೇರವಾಗಿ ಒಂದು ದಾರ ಕಟ್ಟಿ.
2. ದಾರದ ಉದ್ದಕ್ಕೂ ಪ್ರತಿ ಒಂದು ಮೀಟರ್‌ಗೆ ಎಡ, ಬಲ ಗೋಡೆಯ ದೂರ ಮತ್ತು ಚಾವಣಿಯ ಎತ್ತರ ಬರೆದುಕೊಳ್ಳಿ.
3. ಗ್ರಾಫ್ ಹಾಳೆಗೆ ಇಳಿಸಿ. ಸ್ಕೇಲ್, ಉತ್ತರ ದಿಕ್ಕು, ತಾರೀಖು ಹಾಕಿ.

ಕಾಡಂಚಿನ ಜಾಗವಾದರೆ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಹೋಗಬೇಡಿ. ಶಿಲ್ಪ ಮುಟ್ಟಬೇಡಿ.

ಮೂರನೇ ಗುಹೆಯ ಚಾವಣಿಯ ವರ್ಣಚಿತ್ರಗಳು ಮಾಸಿ, ಈಗ ಅಲ್ಲಲ್ಲಿ ಗುರುತು ಮಾತ್ರ ಉಳಿದಿದೆ. ನಮ್ಮೂರಿನ ಮಂಟಪಗಳೂ ಹೀಗೇ ಸವೆಯುತ್ತಿವೆ. ಬಿದ್ದುಹೋದ ಮೇಲೆ ಅಳೆಯೋಕಾಗಲ್ಲ. ಈ ರಜೆಯಲ್ಲಿ ಊರಿಗೆ ಹೋಗುವಾಗ ಒಂದು ಟೇಪ್ ತಗೊಂಡು ಹೋಗೋಣ.