ಸಾರ್ವಭೌಮತ್ವ: ಒಂದು ಅರ್ಥವಿಚಾರ

'ಸಾರ್ವಭೌಮ' ಶಬ್ದವು 'ಸರ್ವಭೂಮಿ' ಎಂಬುದರಿಂದ ನಿಷ್ಪನ್ನವಾದುದು. ಸಮಸ್ತ ಭೂಮಿಗೆ ಒಡೆಯನಾದವನು ಎಂಬ ಅರ್ಥದಲ್ಲಿ ಪಾಣಿನಿಯು ಇದನ್ನು ಸಾಧಿಸಿದ್ದಾನೆ. ಅಮರಸಿಂಹನು ಇದನ್ನು ಚಕ್ರವರ್ತಿಗೆ ಪರ್ಯಾಯಪದವಾಗಿ ಹೇಳಿ, ಉತ್ತರದಿಕ್ಕಿನ ದಿಗ್ಗಜಕ್ಕೂ ಇದೇ ಹೆಸರನ್ನು ಕೊಟ್ಟಿದ್ದಾನೆ. ಭೂಮಿಯನ್ನು ಆಳುವವನಿಗೂ ಅದನ್ನು ಹೊರುವ ಆನೆಗೂ ಒಂದೇ ಹೆಸರಿರುವುದು ಚಿಂತನಾರ್ಹವಾಗಿದೆ.

ಶ್ರದ್ಧಾವಂತನ ದೃಷ್ಟಿಯಲ್ಲಿ ಪರಮಾಧಿಕಾರವು ದೇವರೊಬ್ಬನದೇ. ಅರಸನು ಅದನ್ನು ನಡೆಸುವ ಸೇವಕ ಮಾತ್ರ. ವಿಜಯನಗರದ ಅರಸರ ಅನೇಕ ತಾಮ್ರಶಾಸನಗಳ ಕೊನೆಯಲ್ಲಿ ಅರಸನ ಹೆಸರಿಗೆ ಬದಲಾಗಿ 'ಶ್ರೀ ವಿರೂಪಾಕ್ಷ' ಎಂಬ ಅಂಕಿತವು ಕನ್ನಡ ಲಿಪಿಯಲ್ಲಿ ಕಾಣಬರುತ್ತದೆ. ಕೊಡುವ ಕೈ ತನ್ನದಾದರೂ ಕೊಟ್ಟ ನೆಲ ತನ್ನದಲ್ಲವೆಂಬ ವಿನಯವನ್ನು ಆ ಅಂಕಿತದಲ್ಲಿ ಕಾಣಬಹುದು.

ಆದರೆ ದೇವರ ಹೆಸರು ಅರಸನನ್ನು ಕಟ್ಟಬಲ್ಲಂತೆ ಅವನ ಸ್ವೇಚ್ಛೆಗೆ ಕವಚವೂ ಆಗಬಲ್ಲದು. ಇಂಗ್ಲೆಂಡನ್ನು 1603ರಿಂದ 1625ರವರೆಗೆ ಆಳಿದ ಒಂದನೆಯ ಜೇಮ್ಸನು ಅರಸನಾದವನು ದೇವರಿಗಲ್ಲದೆ ಪ್ರಜೆಗಳಿಗೆ ಉತ್ತರವಾದಿಯಲ್ಲವೆಂದು ವಾದಿಸಿದನು. ಅದೇ ಹಟವನ್ನು ಹಿಡಿದ ಅವನ ಮಗ ಒಂದನೆಯ ಚಾರ್ಲ್ಸನು ಸಂಸತ್ತಿನೊಡನೆ ಯುದ್ಧಕ್ಕಿಳಿದು, 1649ರಲ್ಲಿ ಶಿರಶ್ಛೇದಕ್ಕೆ ಗುರಿಯಾದನು.

ಇತ್ತ ರಾಜ್ಯಶಾಸ್ತ್ರದಲ್ಲಿ ಈ ತತ್ತ್ವವನ್ನು ಕ್ರಮವಾಗಿ ನಿರೂಪಿಸಿದವನು ಫ್ರಾನ್ಸಿನ ಜೀನ್ ಬೊದಾನ್. ರಾಜ್ಯದಲ್ಲಿ ಅಖಂಡವೂ ಶಾಶ್ವತವೂ ಆದ ಅಧಿಕಾರವೊಂದು ಇರಲೇಬೇಕೆಂದು 1576ರ ತನ್ನ ಗ್ರಂಥದಲ್ಲಿ ಪ್ರತಿಪಾದಿಸಿದ ಅವನೇ, ಅಂತಹ ಅಧಿಕಾರಿಯೂ ದೈವನಿಯಮಕ್ಕೂ ನಿಸರ್ಗನಿಯಮಕ್ಕೂ ಬದ್ಧನೆಂದು ಒಪ್ಪಿದ್ದಾನೆ.

ಶ್ರದ್ಧೆ ಮತ್ತು ರಾಜನೀತಿಗಳ ಈ ಎರಡು ಧಾರೆಗಳು ಭಾರತದ ಸಂವಿಧಾನ ಸಭೆಯಲ್ಲಿ ಎದುರುಬದುರಾದುವು. 1949ರ ಅಕ್ಟೋಬರ್ 17ರಂದು, ಮಂಗಳೂರಿನಲ್ಲಿ ಜನಿಸಿದ ಎಚ್. ವಿ. ಕಾಮತರು ಪ್ರಸ್ತಾವನೆಯು ದೇವರ ಹೆಸರಿನಿಂದ ಆರಂಭವಾಗಬೇಕೆಂದು ತಿದ್ದುಪಡಿಯನ್ನು ಮಂಡಿಸಿದರು. ಅಂತರಂಗಕ್ಕೆ ಸೇರಿದ ಭಾವನೆಯನ್ನು ಎಲ್ಲರ ಮೇಲೆ ಹೇರುವುದು, ಅದೇ ಪ್ರಸ್ತಾವನೆಯು ವಾಗ್ದಾನ ಮಾಡಿದ ಶ್ರದ್ಧಾಸ್ವಾತಂತ್ರ್ಯಕ್ಕೆ ವಿರುದ್ಧವೆಂದು ಹೃದಯನಾಥ ಕುಂಜ್ರೂ ಅವರು ಆಕ್ಷೇಪಿಸಿದರು. ತಿದ್ದುಪಡಿಯ ಪರವಾಗಿ 41, ವಿರೋಧವಾಗಿ 68 ಮತಗಳು ಬಿದ್ದುವು. ಹೀಗೆ ಪ್ರಸ್ತಾವನೆಯು 'ಭಾರತದ ಜನತೆ'ಯಿಂದಲೇ ಆರಂಭವಾಯಿತು. ಆದರೂ ಸಂವಿಧಾನವು ದೇವರನ್ನು ನಿರಾಕರಿಸಲಿಲ್ಲ. ಅಧಿಕಾರವನ್ನು ವಹಿಸಿಕೊಳ್ಳುವವನು ದೇವರ ಹೆಸರಿನಲ್ಲಾಗಲಿ, ಸತ್ಯನಿಷ್ಠೆಯ ದೃಢವಚನದಿಂದಾಗಲಿ ಪ್ರಮಾಣ ಸ್ವೀಕರಿಸಬಹುದು. ಶ್ರದ್ಧೆಯನ್ನು ಅವರವರ ಅಂತಃಕರಣಕ್ಕೇ ಬಿಡಲಾಯಿತು.

ಹಾಗಾದರೆ ಜನರು ಆರಿಸಿದ ಸಂಸತ್ತಿಗೆ ಎಲ್ಲೆಯುಂಟೆ? ಕಾಸರಗೋಡಿನ ಎಡನೀರು ಮಠದ ಶ್ರೀ ಕೇಶವಾನಂದ ಭಾರತೀ ಸ್ವಾಮಿಗಳು ಕೇರಳದ ಭೂಸುಧಾರಣಾ ಶಾಸನಗಳನ್ನು ಪ್ರಶ್ನಿಸಿ ಹೂಡಿದ ಮೊಕದ್ದಮೆಯಲ್ಲಿ ಇದಕ್ಕೆ ಉತ್ತರ ದೊರೆಯಿತು. 1973ರ ಏಪ್ರಿಲ್ 24ರಂದು ಸರ್ವೋಚ್ಚ ನ್ಯಾಯಾಲಯದ 13 ನ್ಯಾಯಮೂರ್ತಿಗಳ ಪೀಠವು 7–6ರ ಬಹುಮತದಿಂದ ತೀರ್ಪಿತ್ತಿತು: ಸಂಸತ್ತು ಸಂವಿಧಾನವನ್ನು ತಿದ್ದಬಹುದು, ಅದರ ಮೂಲ ಸ್ವರೂಪವನ್ನು ಕೆಡಿಸಲಾಗದು.

ಒಡೆತನವು ದೇವರದೆನ್ನಲಿ, ಜನತೆಯದೆನ್ನಲಿ, ಅದನ್ನು ಚಲಾಯಿಸುವವನು ಒಡೆಯನಲ್ಲ, ನ್ಯಾಸಧಾರಿ ಎಂಬಲ್ಲಿ ಉಭಯ ವಿಚಾರಗಳೂ ಸಂಗಮಿಸುತ್ತವೆ. ಸಿಂಹಾಸನಕ್ಕೆ ಸಲ್ಲುವ ಈ ಮಾತು ಗುರುಪೀಠಕ್ಕೂ, ವಿದ್ಯಾಸಂಸ್ಥೆಯ ಆಡಳಿತಕ್ಕೂ, ತರಗತಿಯಲ್ಲಿನ ಉಪಾಧ್ಯಾಯನ ಆಸನಕ್ಕೂ ಸಲ್ಲುತ್ತದೆ. ದಿಗ್ಗಜದ ಹೆಸರು ನೆನಪಿಸುವಂತೆ, ಹೊರಬಲ್ಲವನೇ ಸಾರ್ವಭೌಮ.