‘ಇದು ಗಂಡಸರ ಕೆಲಸಮ್ಮ’ ಅಂದರೆ ಕಾನೂನು ಏನನ್ನುತ್ತದೆ?

ಆಂಧ್ರದ ಗುಮ್ಮಘಟ್ಟದ ಕಡೆಯಿಂದ ರಾಯದುರ್ಗಕ್ಕೋ ಬಳ್ಳಾರಿಗೋ ಜೀನ್ಸ್ ಹೊಲಿಗೆ ಕೆಲಸ ಕೇಳಿಕೊಂಡು ಹೋಗುವ ಹೆಣ್ಣುಮಗಳು ಇಂಥ ಮಾತು ಕೇಳಬೇಕಾಗಬಹುದು: ‘ಕಟಿಂಗ್ ಗಂಡಸರ ಕೆಲಸಮ್ಮ, ನೀನು ದಾರ ಕತ್ತರಿಸು’, ‘ಮದುವೆ ಆಗಿದೆಯಾ? ನಾಳೆ ಬಸುರಿ ಅಂತ ರಜೆ ಕೇಳ್ತೀಯ’. ಕೆಲಸ ಬರುತ್ತದೋ ಇಲ್ಲವೋ ನೋಡದೆ, ಹೆಣ್ಣೆಂಬ ಕಾರಣಕ್ಕೇ ಬೇಡವೆನ್ನುವುದು ಕಾನೂನುಬಾಹಿರ.

ಯಾವ ಕಾನೂನು?
1976ರ ಸಮಾನ ವೇತನ ಕಾಯ್ದೆಯ ಜಾಗದಲ್ಲಿ ಈಗ 2019ರ ವೇತನ ಸಂಹಿತೆ ಇದೆ. 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ಅದರ 3ನೇ ಕಲಂ ಪ್ರಕಾರ, ಒಂದೇ ಬಗೆಯ ಕೆಲಸಕ್ಕೆ ಆಳು ತೆಗೆದುಕೊಳ್ಳುವಾಗಲೂ ಕೂಲಿ ಕೊಡುವಾಗಲೂ ಲಿಂಗಭೇದ ಮಾಡುವಂತಿಲ್ಲ. ಸರಿಸಮ ಮಾಡುವ ನೆಪದಲ್ಲಿ ಗಂಡಾಳಿನ ಕೂಲಿ ಇಳಿಸುವಂತೆಯೂ ಇಲ್ಲ. ಕಾನೂನೇ ಮಹಿಳೆಯರಿಗೆ ನಿರ್ಬಂಧಿಸಿದ ಕೆಲಸಗಳಿಗೆ ಮಾತ್ರ ಆಳು ತೆಗೆದುಕೊಳ್ಳುವ ಕುರಿತ ಈ ನಿಯಮ ಅನ್ವಯಿಸದು.

ಈ ಜಗಳ ಹೊಸದಲ್ಲ. ವಿವಾಹಿತ ಮಹಿಳೆಗೆ ವಿದೇಶಾಂಗ ಸೇವೆಯಲ್ಲಿ ನೇಮಕಾತಿಯ ಹಕ್ಕಿಲ್ಲ ಎಂಬ ನಿಯಮವನ್ನು, ಅದೇ ಸೇವೆಯಲ್ಲಿದ್ದು ಬಡ್ತಿ ಸಿಗದ ಕೊಡಗಿನ ಸಿ.ಬಿ. ಮುತ್ತಮ್ಮ ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿದರು. ಪ್ರಕರಣ ನಡೆಯುತ್ತಿರುವಾಗಲೇ ಸರ್ಕಾರ ಅವರಿಗೆ ಬಡ್ತಿ ಕೊಟ್ಟಿತು. 1979ರ ತೀರ್ಪಿನಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅಂಥ ನಿಯಮಗಳನ್ನು ಕಟುವಾಗಿ ಟೀಕಿಸಿದರು. ಮುತ್ತಮ್ಮ ಹಿಡಿದದ್ದು ಸಂವಿಧಾನದ ದಾರಿ. ಖಾಸಗಿ ಮಾಲೀಕನ ವಿರುದ್ಧ ನಮಗೆ ನೇರವಾಗಿ ಒದಗುವುದು ವೇತನ ಸಂಹಿತೆ.

ಏನು ಮಾಡಬೇಕು?
1. ಸಾಕ್ಷ್ಯ ಉಳಿಸಿಕೊಳ್ಳಿ. ‘ಗಂಡಸರು ಬೇಕಾಗಿದ್ದಾರೆ’ ಎಂಬ ಬೋರ್ಡಿನ ಫೋಟೊ, ವಾಟ್ಸ್‌ಆ್ಯಪ್ ಸಂದೇಶ, ಹೋದ ದಿನಾಂಕ, ಮಾತಾಡಿದವರ ಹೆಸರು.
2. ಘಟಕ ಎಲ್ಲಿದೆಯೋ ಅಲ್ಲಿನ ಕಾರ್ಮಿಕ ಇಲಾಖೆಗೆ ದೂರು ಕೊಡಿ: ರಾಯದುರ್ಗದ್ದಾದರೆ ಆಂಧ್ರದ ಇಲಾಖೆಗೆ, ಬಳ್ಳಾರಿಯದ್ದಾದರೆ ಕರ್ನಾಟಕದ ಇಲಾಖೆಗೆ. ಸ್ವೀಕೃತಿ ಪಡೆಯದೆ ಬರಬೇಡಿ.
3. ತೆಲುಗು ಬರೆಯಲು ಬಾರದಿದ್ದರೆ ಕನ್ನಡದಲ್ಲೇ ಬರೆಯಿರಿ. ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವುದೇ ಭಾಷೆಯಲ್ಲಿ ಅಹವಾಲು ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೇ ವಿಧಿ ಕೊಟ್ಟಿದೆ. ತೆಲುಗು ಪ್ರತಿಯೊಂದನ್ನು ಜೊತೆಗಿಟ್ಟರೆ ಕೆಲಸ ಬೇಗ ಸಾಗುತ್ತದೆ.
4. ಕೆಲಸದಲ್ಲಿದ್ದು ಕಡಿಮೆ ಕೂಲಿ ಸಿಗುತ್ತಿದ್ದರೆ ಮೂರು ವರ್ಷದೊಳಗೆ ಕ್ಲೇಮು ಹಾಕಬಹುದು. ಬಾಕಿ ಕೊಟ್ಟಿದ್ದೇನೆಂದು ರುಜುವಾತುಪಡಿಸುವ ಹೊಣೆ ಮಾಲೀಕನದು. ನೋಂದಾಯಿತ ಕಾರ್ಮಿಕ ಸಂಘದ ಸದಸ್ಯೆಯಾದರೆ ಸಂಘವೇ ಅರ್ಜಿ ಹಾಕಬಹುದು.

ವಕೀಲರ ಖರ್ಚಿಗೆ ಹೆದರಬೇಕಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಂ ಪ್ರಕಾರ, ಆದಾಯ ಎಷ್ಟೇ ಇರಲಿ, ಮಹಿಳೆಯರಿಗೆ ಉಚಿತ ಕಾನೂನು ನೆರವಿದೆ. ಸಹಾಯವಾಣಿ 15100.

ನಿಮಗೇ ಕೆಲಸ ಕೊಡಬೇಕೆಂದು ಕಾನೂನು ಮಾಲೀಕನನ್ನು ಒತ್ತಾಯಿಸುವುದಿಲ್ಲ. ಗಂಡಸಿನ ಕೈಗೆ ಕತ್ತರಿ ಕೊಟ್ಟು ಪರೀಕ್ಷಿಸಿದಂತೆ ನಿಮ್ಮನ್ನೂ ಪರೀಕ್ಷಿಸಲಿ ಎನ್ನುತ್ತದೆ, ಅಷ್ಟೇ. ಅಷ್ಟನ್ನು ಕೇಳಲು ಹಿಂಜರಿಯಬೇಡಿ.